ಕಲ್ಮೇಶನ ಹಸಿರು ಗಡಿಯಾರ

ಪಿಎಚ್‌.ಡಿ. ಮುಗಿಸಿ ಬೆಳಗಾವಿಯ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮುಂದುವರಿಸಿರುವ, ಖಾನಾಪುರ ತಾಲೂಕಿನ ಬೀಡಿ ಊರಿನ ಕಲ್ಮೇಶನನ್ನು ಗಂಟೆ ಎಷ್ಟೆಂದು ಕೇಳಬಾರದು. ಸೀಸೆಯೊಳಗಿನ ಹಸಿರು ಬ್ಯಾಕ್ಟೀರಿಯಾಗಳಿಗೆ ಈಗ ಎಷ್ಟು ಗಂಟೆಯೆಂದು ಹೇಳುತ್ತಾನೆ. ಮೂರು ದಿನ ಆರದ ಬೆಳಕಿನಲ್ಲಿಟ್ಟರೂ ಅವು ಹಗಲು ರಾತ್ರಿಯ ಲೆಕ್ಕ ತಪ್ಪುವುದಿಲ್ಲ ಎಂಬುದೇ ಅವನ ಬೆರಗು. ನಾಲ್ಕು ತಾಸಿಗೊಮ್ಮೆ ಹನಿ ತೆಗೆದು ಪರೀಕ್ಷಿಸುವ ಅವನಿಗೆ ಮಾತ್ರ ಹೊತ್ತೆಲ್ಲ ತಪ್ಪಿದೆ: ಸಂಜೆ ಹಲ್ಲುಜ್ಜುತ್ತಾನೆ, ಬೆಳಿಗ್ಗೆ ಏಳಕ್ಕೆ ರೊಟ್ಟಿಯ ಡಬ್ಬಿ ಬಿಚ್ಚುತ್ತಾನೆ. ಕರೆಂಟು ಹೋಗಬಾರದೆಂದು ಅವನು ಮಾತಾಡಿಸುತ್ತಲೇ ಇರುವ ಲೈನ್‌ಮನ್‌ಗಳ ಮಕ್ಕಳ ಹೆಸರೂ ಅವನಿಗೆ ಬಾಯಿಪಾಠ, ಏಕೆಂದರೆ ದೀಪ ಒಂದು ತಾಸು ಆರಿದರೂ ಬ್ಯಾಕ್ಟೀರಿಯಾಗಳ ಗಡಿಯಾರ ಅಲುಗಿ ಅಷ್ಟೂ ದಿನದ ಕೆಲಸ ಮಣ್ಣುಪಾಲು. ಮೊನ್ನೆ, ಮೂರನೆಯ ದಿನದ ಮಧ್ಯಾಹ್ನ, ಕುರ್ಚಿಯಲ್ಲೇ ನಿದ್ದೆಹೋದವನು ಕಣ್ಣು ಬಿಟ್ಟಾಗ ಸೀಸೆಗಳ ಪೆಟ್ಟಿಗೆ ಕತ್ತಲಾಗಿತ್ತು. “ಭೀಮಕ್ಕಾ, ಈ ಹುಳಕ್ಕ ನಿದ್ದಿ ಬ್ಯಾಡ ಅಂತ ಎಷ್ಟ ಸಲ ಹೇಳೇನಿ” ಅಂದ. ಕಸ ಗುಡಿಸುತ್ತಿದ್ದ ಭೀಮಕ್ಕ ತಲೆ ಎತ್ತಲಿಲ್ಲ. “ಹುಳಕ್ಕಲ್ಲೋ ತಮ್ಮಾ, ಬೆಳಕ ನಿನ್ನ ಮಾರಿಗೆ ಹೊಡೀತಿತ್ತು. ಅದಕ್ಕ ಆರಿಸೇನಿ.” ಆ ಮೂರು ದಿನಗಳಲ್ಲಿ ಅವನು ಗಾಢವಾಗಿ ಮಲಗಿದ್ದು ಅದೊಂದೇ ತಾಸು. ಕಲ್ಮೇಶ ಮುಖ ತೊಳೆದು ಬಂದು, ದೀಪ ಹಚ್ಚಿ, ವಹಿಯ ಹೊಸ ಹಾಳೆಯಲ್ಲಿ ‘ಸೊನ್ನೆ ಗಂಟೆ’ ಎಂದು ಬರೆದ. “ಹಂಗಾರ ಈ ಸಲ ಕುರ್ಚಿ ಆ ಕಡೆ ತಿರುಗಿಸೂಣು, ಭೀಮಕ್ಕಾ.”