ಭಾವನ ಬಿಲ್ಲೆ ಕ್ಯಾಮೆರಾ

ನನ್ನ ಅಕ್ಕನ ಗಂಡ ಬೋರೇಗೌಡರು ಮೊದಲು ಹೊಡೆಯುತ್ತಿದ್ದರು, ಆಮೇಲೆ ವಿಚಾರಿಸುತ್ತಿದ್ದರು. ಚಿಕ್ಕರಸಿನಕೆರೆಯ ಗರಡಿಯಲ್ಲಿ ಪಳಗಿದ ಅವರ ಬಲಗೈ ಮೊರದಷ್ಟು ಅಗಲವಿತ್ತು. ಒಮ್ಮೆ ಮದ್ದೂರಿನ ಬಸ್ಸಿನಲ್ಲಿ, ಬಸುರಿಯೊಬ್ಬಳಿಗೆ ಸೀಟು ಬಿಡದೆ ನಿದ್ದೆ ನಟಿಸುತ್ತಿದ್ದ ಯುವಕನನ್ನು ಕತ್ತಿನ ಪಟ್ಟಿ ಹಿಡಿದೆತ್ತಿ ಕಿಟಕಿಯ ಮೂಲಕ ಇಳಿಸಲು ನೋಡಿದ್ದರು. ಕಿಟಕಿಗೆ ಕಂಬಿಯಿದ್ದುದರಿಂದ ಆತ ಉಳಿದ. ಮುಂದಿನ ಹಲ್ಲು ಉಳಿಯಲಿಲ್ಲ.

ಆ ಕೈಯ ಪರಿಚಯ ನನಗೂ ಇದೆ. ಮದ್ದೂರಿನಲ್ಲಿ ನಾನು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ, ಮೊದಲ ಪಂಕ್ತಿಗೆ ಕರೆಯಲಿಲ್ಲವೆಂದು, ನನ್ನ ಶಾಲೆಯ ಅಧ್ಯಾಪಕರೆಲ್ಲರ ಎದುರಿನಲ್ಲಿ ನನ್ನ ಎಡಗೆನ್ನೆಗೆ ಬಾರಿಸಿದರು. ವಾಸ್ತವದಲ್ಲಿ ಅವರನ್ನು ಕರೆಯಲು ಆಳನ್ನು ಕಳಿಸಿದ್ದೆ. ಅವರು ಹಿತ್ತಲಿನಲ್ಲಿ ಬೀಡಿ ಸೇದುತ್ತಿದ್ದುದರಿಂದ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಇದನ್ನು ಅಲ್ಲಿಯೇ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಅಂಗಾದ್ರೆ ಆ ಏಟು ಅವನ್ಗೆ ಸೇರ್ಬೇಕಾಗಿತ್ತು ಕಣಯ್ಯ ಮೇಷ್ಟ್ರೇ. ಸಿಕ್ದಾಗ ಕೊಟ್ಬುಡು” ಎಂದು ಎಲೆಯ ಮುಂದೆ ಕುಳಿತರು. ಕ್ಷಮಿಸೆಂಬ ಮಾತು ಅವರ ಬಾಯಿಂದ ಬರಲಿಲ್ಲ. ನಾನು ಅದನ್ನು ಮರೆತೂ ಇಲ್ಲ.

ಅವರ ಮಗಳ ಮದುವೆಯಲ್ಲಿ ವಿಡಿಯೋದವನು ಧಾರೆಯ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನಲು ಹೋಗಿದ್ದ. ಅವನನ್ನು ತಟ್ಟೆಯ ಸಮೇತ ಮೋರಿಗೆ ನೂಕಿದ ಮೇಲೆ, “ಇನ್ಮೇಕೆ ನಮ್ಮನೆ ಸುಬಕಾರ್ಯ ನಾನೇ ಇಡೀತೀನಿ” ಎಂದು ಭಾವನವರು ಮೈಸೂರಿಗೆ ಹೋಗಿ ಸ್ವಂತ ಕ್ಯಾಮೆರಾ ತಂದರು. ಟೇಪಿನ ಕಾಲ ಮುಗಿಯುತ್ತಿತ್ತು. ಫೋನಿನಲ್ಲಿ ಚಿತ್ರ ಹಿಡಿಯುವ ಕಾಲ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಇದು ಅಂಗೈಯಲ್ಲಿ ಅಡಗುವ ಪುಟ್ಟ ಡಿಸ್ಕಿನ ಮೇಲೆ ಚಿತ್ರ ಬರೆಯುವ ಯಂತ್ರ. ಡಿಸ್ಕನ್ನು ಅವರು ಬಿಲ್ಲೆ ಎನ್ನುತ್ತಿದ್ದರು.

ಎತ್ತಿನ ಮೈಗೂದಲಲ್ಲಿ ಒಳ್ಳೆಯ ಸುಳಿ ಕೆಟ್ಟ ಸುಳಿ ಇರುವಂತೆ ಕ್ಯಾಮೆರಾಕ್ಕೂ ಇವೆ ಎಂಬುದು ಅವರ ಸಿದ್ಧಾಂತ. ಮನೆಗೆ ಬಂದವರನ್ನೆಲ್ಲ ಜಗಲಿಯಲ್ಲಿ ಕೂರಿಸಿ ವಿವರಿಸುತ್ತಿದ್ದರು. “ಬಿಲ್ಲೆ ತಗದು ಟೀವಿ ಕೆಳ್ಗಿನ ಪೆಟ್ಗೆಗೆ ಆಕು, ಬೇಕಾದ್ ಜಾಗ್ಕೆ ನೆಗುದು ಓಯ್ತದೆ. ಟೇಪಿನಂಗೆ ಸುತ್ಕೊಂಡ್ ಕೂತ್ಕಳಂಗಿಲ್ಲ. ಇದು ಒಳ್ಳೆ ಸುಳಿ. ಅರ್ಧ ಗಂಟೆಗೆ ಒಟ್ಟೆ ತುಂಬೋಯ್ತದೆ, ಬೆಳ್ಳು ತಾಗುದ್ರೆ ಕಣ್ಣು ಮಂಜಾಯ್ತದೆ, ವಸಿ ಕುಲುಕುದ್ರೆ ನಿಂತೋಯ್ತದೆ. ಇವು ಕೆಟ್ಟವು.” ಎಲ್ಲಕ್ಕಿಂತ ಕೆಟ್ಟ ಸುಳಿಯೊಂದಿತ್ತು. ಚಿತ್ರ ಹಿಡಿದ ಬಿಲ್ಲೆ ಬೇರೆ ಯಾವುದೇ ಪೆಟ್ಟಿಗೆಯಲ್ಲಿ ಓಡಬೇಕಾದರೆ, ಮೊದಲು ಕ್ಯಾಮೆರಾವನ್ನು ಕರೆಂಟಿಗೆ ಸಿಕ್ಕಿಸಿ, ಅಲುಗಾಡಿಸದೆ ಇಟ್ಟು, ಬಿಲ್ಲೆಗೆ ಕೊನೆಯ ಮುದ್ರೆ ಬೀಳಿಸಬೇಕು. ನಡುವೆ ಅದುರಿದರೆ ಬಿಲ್ಲೆ ಕೆಟ್ಟಂತೆಯೇ.

ಅಳಿಸಿ ಮತ್ತೆ ಬರೆಯಬಹುದಾದ ಬಿಲ್ಲೆಗಳೂ ಅಂಗಡಿಯಲ್ಲಿದ್ದವು. ಅವನ್ನೇ ಕೊಳ್ಳಬಾರದೇಕೆಂದು ನಾನು ಕೇಳಿದ್ದಕ್ಕೆ, “ಅಳ್ಸಂಗಿದ್ರೆ ಅದು ಸಾಕ್ಸಿ ಅಲ್ಲ, ನಿಮ್ಮ ಇಸ್ಕೂಲಿನ ಸ್ಲೇಟು” ಎಂದರು. ನನ್ನ ವೃತ್ತಿಯನ್ನು ಹಂಗಿಸುವ ಒಂದು ಅವಕಾಶವನ್ನೂ ಅವರು ಬಿಟ್ಟವರಲ್ಲ.

ನನ್ನ ಅಕ್ಕ ಸಾಕಕ್ಕನ ಎಣಿಕೆಯೇ ಬೇರೆ. ಕ್ಯಾಮೆರಾದ ಪಕ್ಕದಲ್ಲಿ ಬಲಗೈ ತೂರಿಸಿ ಬಿಗಿದುಕೊಳ್ಳುವ ಪಟ್ಟಿಯಿತ್ತು. “ಆ ಪಟ್ಟಿ ಒಂದೇ ಸಾಕು ಕಣಪ್ಪ. ಅದ್ರಾಗೆ ಕೈ ಇರಗಂಟ ಯಾರ್ ಕೆನ್ನೇಗೂ ಓಗಕಿಲ್ಲ” ಎನ್ನುತ್ತಿದ್ದಳು. ನಿಜ. ನಾಲೆಯ ತೂಬಿನ ಬಳಿ ನೀರಿಗಾಗಿ ಅಣ್ಣತಮ್ಮಂದಿರಿಬ್ಬರು ಗುದ್ದಲಿ ಕಾವಿನಿಂದ ಬಡಿದಾಡಿ ನೆತ್ತರು ಸುರಿಸಿಕೊಂಡಾಗ, ಹಿಂದೆಯಾಗಿದ್ದರೆ ಭಾವನವರು ಇಬ್ಬರಿಗೂ ಬಾರಿಸುತ್ತಿದ್ದರು. ಅಂದು ಬದುವಿನ ಮೇಲೆ ನಿಂತು ಚಿತ್ರ ಹಿಡಿದರು. ನಡುವೆ ಕಾಲು ಜಾರಿ ಕ್ಯಾಮೆರಾ ನಿಂತುಹೋದಾಗ, “ಒಸಿ ತಡ್ಕಳ್ರಲಾ, ನಿಂತೋಯ್ತು” ಎಂದು ಕೂಗಿದರಂತೆ. ಹೊಡೆದಾಡುತ್ತಿದ್ದವರು ನಿಜಕ್ಕೂ ತಡೆದು ನಿಂತರಂತೆ.

ಇನ್ನು ಮಳವಳ್ಳಿಯ ಸಂಗತಿ. ನನ್ನ ತಮ್ಮನ ಮಗಳ ಮದುವೆಯಾಗಿ ಬೀಗರ ಊಟ ನಡೆಯುತ್ತಿತ್ತು. ಹೆಣ್ಣಿನ ಕಡೆಯವರಾದ ನಾವೇ ಬಡಿಸುವವರು. ಬೀಗರ ಊಟದಲ್ಲಿ ಎಲೆಗೆ ಬೀಳುವುದು ತುಂಡೋ ಮೂಳೆಯೋ ಎಂಬುದು ಮಾನದ ಪ್ರಶ್ನೆ. ಅಲ್ಲಿ ತಪ್ಪಿದ ಸೌಟು ತಲೆಮಾರುಗಳ ತನಕ ನೆನಪಿರುತ್ತದೆ. ನನ್ನ ಮಗ ಸುರೇಶ ಬಡಿಸಿಕೊಂಡು ಬಂದಾಗ ಗಂಡಿನ ತಂದೆ ಮರೀಗೌಡ ತನ್ನ ಎಲೆಯನ್ನು ಮುಂದಕ್ಕೆ ತಳ್ಳಿದ.

“ಏನಯ್ಯಾ, ನಾಯಿಗಾಕ್ದಂಗೆ ಬರೀ ಮೂಳೆ ಆಕೀಯೆ?”

“ಬಾನಿ ತಳದಾಗೆ ಇದ್ದದ್ದು ಅದೇ, ಮಾವ. ಇನ್ನೊಂದು ಬತ್ತಾ ಅದೆ” ಎಂದ ಸುರೇಶ.

“ತಳದ್ದು ನಮ್ಗೆ, ಮೇಲಿಂದು ನಿಮ್ಮಪ್ಪಂಗಾ?”

ಎಲೆಗಳು ಹಾರಿದವು, ಬೆಂಚುಗಳು ಉರುಳಿದವು. ಒಬ್ಬನ ಕಿವಿ ಹರಿಯಿತು. ಸಾರಿನ ಬಾನಿ ಮಗುಚಿ ಇಬ್ಬರ ಕಾಲು ಬೆಂದವು. ಗದ್ದಲ ಅಡಗುವ ಹೊತ್ತಿಗೆ ಮರೀಗೌಡ ತಲೆಯೊಡೆದು ಜ್ಞಾನ ತಪ್ಪಿ ಬಿದ್ದಿದ್ದ. ಪಕ್ಕದಲ್ಲಿ ಸುರೇಶ, ಕೈಯಲ್ಲಿ ಕಬ್ಬಿಣದ ಸೌಟು. ಬೇರೆ ಸಾಕ್ಷಿ ಯಾರಿಗೆ ಬೇಕು? ಗಾಯಾಳುವನ್ನು ಮಂಡ್ಯದ ಆಸ್ಪತ್ರೆಗೂ ನನ್ನ ಮಗನನ್ನು ಠಾಣೆಗೂ ಒಯ್ದರು. ಹೊಡೆದವನು ಸುರೇಶನೇ ಎಂದು ಮೊದಲು ಕೂಗಿದವನು ಮರೀಗೌಡನ ಅಣ್ಣನ ಮಗ ಕೆಂಪರಾಜು.

ಭಾವನವರು ಎಲ್ಲವನ್ನೂ ಹಿಡಿದಿದ್ದರು. ಠಾಣೆಯ ಪೆಟ್ಟಿಗೆಗೆ ಬಿಲ್ಲೆ ಹಾಕಿದರೆ ಮುದ್ರೆಯಿಲ್ಲದ ಅದು ಓಡಲಿಲ್ಲ. ಕ್ಯಾಮೆರಾದ ಕಿರುಪರದೆಯಲ್ಲಿ ತೋರಿಸಲು ಹೋದರೆ ಅಧಿಕಾರಿ, “ಇದರಲ್ಲಿ ಯಾವ ತಲೆ ಯಾರದ್ದು ಅಂತ ಹೇಳಲಿ? ನಮ್ಮ ಟೀವಿಯಲ್ಲಿ ಓಡೋ ಹಾಗೆ ಮಾಡಿಸಿ ತಂದುಕೊಡಿ. ಇಲ್ಲದಿದ್ದರೆ ನಿಮ್ಮ ಹುಡುಗನ ಮೇಲೆ ಕೇಸು ಹಾಕುತ್ತೇನೆ” ಎಂದರು. ಕರೆಂಟಿಗೆ ಸಿಕ್ಕಿಸುವ ತಂತಿ ಚಿಕ್ಕರಸಿನಕೆರೆಯ ಅವರ ಮನೆಯಲ್ಲಿತ್ತು. ಈ ಮಾತು ಬಾಗಿಲಲ್ಲಿ ನಿಂತಿದ್ದ ಕೆಂಪರಾಜುವಿನ ಕಿವಿಗೂ ಬಿತ್ತು.

ನನ್ನೊಡನೆ ಮನೆ ಸೇರಿದ ಭಾವನವರು ನಡುಮನೆಯ ಕಲ್ಲುಚಪ್ಪಡಿಯ ಮೇಲೆ ಕ್ಯಾಮೆರಾ ಇಟ್ಟು, ತಂತಿ ಸಿಕ್ಕಿಸಿ, ಗುಂಡಿ ಒತ್ತಿದರು. ಕೆಂಪು ದೀಪ ಮಿಟುಕತೊಡಗಿತು. “ಇದು ನಿಲ್ಲಗಂಟ ಯಾರೂ ಮುಟ್ಬ್ಯಾಡಿ” ಎಂದು ಹೇಳಿ ಮುಗಿಸುವಷ್ಟರಲ್ಲಿ ಕೆಂಪರಾಜು ಇನ್ನಿಬ್ಬರೊಡನೆ ಒಳನುಗ್ಗಿದ. ಮೂವರ ಕೈಯಲ್ಲೂ ಸೌದೆ. ಒಬ್ಬ ನನ್ನನ್ನು ಬಾಗಿಲಿಗೆ ಒತ್ತಿ ಕತ್ತಿಗೆ ಸೌದೆ ಅಡ್ಡ ಹಿಡಿದ. ನನ್ನ ಕನ್ನಡಕ ಅವನ ಕಾಲಡಿಯಲ್ಲಿ ಪುಡಿಯಾಯಿತು. ಅವನ ಮುಖ ನನಗೆ ಇಂದಿಗೂ ಸ್ಪಷ್ಟವಾಗಿದೆ.

ಮೂವರು ಎಂಬುದು ಭಾವನವರಿಗೆ ಒಂದು ಲೆಕ್ಕವೇ ಅಲ್ಲ. ಅವರು ಏಳುತ್ತಾರೆಂದು ನಾನು ಕಾದೆ. ಅವರು ಏಳಲಿಲ್ಲ. ಮಂಡಿಯೂರಿ, ಎರಡೂ ಮೊಣಕೈಯನ್ನು ಚಪ್ಪಡಿಗೆ ಊರಿ, ಕ್ಯಾಮೆರಾಕ್ಕೆ ಮೈ ತಾಕದ ಹಾಗೆ ಅದರ ಮೇಲೆ ಕವಿದುಕೊಂಡರು. ಮೊದಲ ಏಟು ಬೆನ್ನಿಗೆ ಬಿತ್ತು. ಎರಡನೆಯದಕ್ಕೆ ಕಿವಿ ಸೀಳಿತು. ಮತ್ತೊಂದು ಬಲಭುಜದ ಮೇಲೆ ಬಿದ್ದಾಗ ಮೂಳೆ ಮುರಿದ ಸದ್ದು ಬಾಗಿಲಲ್ಲಿದ್ದ ನನಗೆ ಕೇಳಿಸಿತು. ಮೈ ಅದುರಿದರೆ ಚಪ್ಪಡಿ ಅದುರುತ್ತದೆ, ಚಪ್ಪಡಿ ಅದುರಿದರೆ ನನ್ನ ಮಗ ಜೈಲಿಗೆ ಹೋಗುತ್ತಾನೆ. ಆ ಮನುಷ್ಯ ಅದುರಲಿಲ್ಲ. ಗಲ್ಲದಿಂದ ತೊಟ್ಟಿಕ್ಕುತ್ತಿದ್ದ ನೆತ್ತರು ಯಂತ್ರದ ಮೇಲೆ ಬೀಳದಂತೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡರು, ಅಷ್ಟೇ.

“ಬುಡಲಾ ಮುದುಕ, ಕೊಡು ಅದ್ನ” ಎಂದ ಕೆಂಪರಾಜು.

“ವಸಿ ತಡಿ ಮಗ, ಆಯ್ತಾ ಬಂತು” ಎಂದರು ಭಾವನವರು.

ಹಿತ್ತಲಿನಿಂದ ಮಚ್ಚು ಹಿಡಿದು ಓಡಿಬಂದ ಸಾಕಕ್ಕ ನನ್ನನ್ನು ಒತ್ತಿಹಿಡಿದವನ ತೊಡೆಗೆ ಬೀಸಿದಳು. ಅವನು ಕಿರುಚಿ ಕುಸಿದ. ಅದೇ ಗಳಿಗೆಯಲ್ಲಿ ದೀಪ ಮಿಟುಕುವುದನ್ನು ನಿಲ್ಲಿಸಿತು. ಭಾವನವರು ಬಿಲ್ಲೆಯನ್ನು ತೆಗೆದು, ಅಂಚು ಹಿಡಿದು, ಅಕ್ಕನ ಕೈಗೆ ಕೊಟ್ಟರು. ಆಮೇಲೆ ಎದ್ದರು. ಜೋತುಬಿದ್ದ ಬಲಗೈಯನ್ನು ಹಾಗೆಯೇ ಬಿಟ್ಟು, ಎಡಗೈ ಒಂದರಿಂದಲೇ ಕೆಂಪರಾಜುವಿನ ಮುಖವನ್ನು ಕಂಬಕ್ಕೆ ಅಪ್ಪಳಿಸಿದರು. ಮತ್ತೊಬ್ಬನನ್ನು ಮೆಟ್ಟಿಲಿನಿಂದ ಬೀದಿಗೆ ಎಸೆದರು. ನಾನು ತಡೆಯಲಿಲ್ಲ. ತಡೆಯಬೇಕಿತ್ತೆಂದು ಇಂದಿಗೂ ಅನಿಸಿಲ್ಲ.

ಠಾಣೆಯಲ್ಲಿ ಬಿಲ್ಲೆ ಓಡಿತು. ಸುರೇಶನ ತಲೆಗೆಂದು ಕೆಂಪರಾಜು ಒಲೆಯ ಸೌದೆ ಬೀಸಿದ್ದು, ಸುರೇಶ ಬಗ್ಗಿದ್ದು, ಏಟು ಹಿಂದೆ ನಿಂತಿದ್ದ ಚಿಕ್ಕಪ್ಪನ ನೆತ್ತಿಗೆ ಬಿದ್ದದ್ದು, ಎಲ್ಲರಿಗೂ ಕಂಡಿತು. ತಲೆಗೆ ಟವೆಲು ಬಿಗಿದುಕೊಂಡು ನಿಂತೇ ನೋಡಿದ ಭಾವನವರು, “ಇಲ್ಲಿ ವಸಿ ಅಳ್ಳಾಡ್ಬುಟ್ಟದೆ, ಸಾಮಿ” ಎಂದು ಅಧಿಕಾರಿಗೆ ಸಮಜಾಯಿಷಿ ಹೇಳಿದರು. ಕತ್ತಲಾಗುವ ಮೊದಲೇ ನನ್ನ ಮಗ ಮನೆಯಲ್ಲಿದ್ದ.

ಕೆಂಪರಾಜುವಿಗೆ ಶಿಕ್ಷೆಯಾಗಲಿಲ್ಲ. ಚೇತರಿಸಿಕೊಂಡ ಮರೀಗೌಡ ಅಣ್ಣನ ಮಗನನ್ನು ಜೈಲಿಗೆ ಕಳಿಸಲೊಲ್ಲೆ ಎಂದ. ನಮ್ಮ ಹುಡುಗಿ ಆ ಮನೆಯಲ್ಲಿ ಬಾಳಬೇಕೆಂದು ಹಿರಿಯರು ಸೇರಿ ರಾಜಿ ಮಾಡಿಸಿದರು. ಬಲಗೈ ಮೇಲೇಳದ ಭಾವನವರು ಎಡಗೈಯಲ್ಲಿ ರುಜು ಹಾಕಿದರು. ನಾನು ಆಕ್ಷೇಪಿಸಿದ್ದಕ್ಕೆ, “ಎಣ್ ಕೊಟ್ಟಿದೀವಿ ಕಣಯ್ಯ. ಬಿಲ್ಲೆ ಅಳ್ಸಕಾಗಕಿಲ್ಲ, ಕೇಸು ಅಳ್ಸಬೌದು” ಎಂದರು. ನಾನು ಆ ಸಭೆಯಿಂದ ಎದ್ದು ಬಂದೆ. ಆ ರಾಜಿಗೆ ನಾನು ಅಂದೂ ಒಪ್ಪಿಲ್ಲ, ಇಂದೂ ಒಪ್ಪಿಲ್ಲ.

ಆ ಕೈ ಮತ್ತೆ ಯಾರ ಕೆನ್ನೆಯನ್ನೂ ಮುಟ್ಟಲಿಲ್ಲ. ಅನ್ನ ಕಲಸಲೂ ಬಾರದಾಗಿತ್ತು. ಅಕ್ಕ ಮುದ್ದೆ ಮುರಿದು ಕೊಡುತ್ತಿದ್ದಳು. ಬೈಗುಳ ಮಾತ್ರ ಕೊನೆಯವರೆಗೂ ಗಟ್ಟಿಯಾಗಿತ್ತು.

ಹೋದ ಸುಗ್ಗಿಯಲ್ಲಿ ಅವರು ತೀರಿಕೊಂಡರು. ಚಟ್ಟ ಎತ್ತುವ ಹೊತ್ತಿಗೆ ಕೆಂಪರಾಜು ಬಂದ. ಮೈ ತುಂಬಿಕೊಂಡಿದ್ದ, ಕೂದಲು ನರೆತಿತ್ತು. ತಾನೂ ಹೆಗಲು ಕೊಡುವುದಾಗಿ ಹೇಳಿದ. ನಾನು ಅಡ್ಡ ನಿಂತು, ನಿನಗೆ ಆ ಯೋಗ್ಯತೆಯಿಲ್ಲ ಎಂದೆ. ಜನ ಗುಸುಗುಟ್ಟಿದರು. ತಲೆಯ ಬಳಿ ಕುಳಿತಿದ್ದ ಸಾಕಕ್ಕ ಕಣ್ಣೆತ್ತದೆಯೇ ಹೇಳಿದಳು:

“ಬುಡು ತಮ್ಮ, ಒರ್ಲಿ. ಭಾರ ಗೊತ್ತಾಗ್ಲಿ.”

ಅವನು ಹೊತ್ತ. ಭಾವನವರದು ಗರಡಿಯ ಮೈ, ಕೊನೆಗಾಲದಲ್ಲೂ ಕರಗಿರಲಿಲ್ಲ. ಗದ್ದೆಯ ಬದುವಿನ ಮೇಲೆ ಕೆಂಪರಾಜುವಿನ ಉಸಿರು ಮೇಲು ಕೆಳಗಾಯಿತು, ಹೆಜ್ಜೆ ತಪ್ಪತೊಡಗಿತು. ಹಿಂದಿನಿಂದ ಒಬ್ಬ ಬಂದು ಹೆಗಲು ಬದಲಿಸಿಕೊಳ್ಳಲು ಮುಂದಾದ. ನಾನು ಆ ಬಂದವನ ತೋಳು ಹಿಡಿದು ನಿಲ್ಲಿಸಿದೆ.