ಗಿರಣಿಯ ಕಬ್ಬಿಣದಕ್ಷರ

ಎರಡು ವಾರದಿಂದ ನಾನು ನೋಡಿ ನೋಡಿ ಬರೆದುಕೊಳ್ಳುತ್ತಿದ್ದ ‘ಣಿ’ ಅಕ್ಷರವನ್ನು ಅಂದು ಬೆಳಿಗ್ಗೆ ನನ್ನ ಕಣ್ಣೆದುರಿಗೇ ಗ್ಯಾಸ್ ಕಟರಿನಿಂದ ಕೊಯ್ದು ಕೆಡವಿದರು. ನಡುರಸ್ತೆಯಲ್ಲಿ ನಿಂತು ಕಿರುಚಿಬಿಟ್ಟೆ.

ಮೈಸೂರಿನಿಂದ ಹೊಸಪೇಟೆಗೆ ಬಂದು ಎಂಟು ತಿಂಗಳಾಗಿತ್ತು. ಗಂಡನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಕಂಪ್ಯೂಟರಿಗೆ ಕನ್ನಡ ಫಾಂಟ್ ರೂಪಿಸುವುದು ನನ್ನ ಕೆಲಸ. ಮೈಸೂರಿನಲ್ಲಿ ವಾರಕ್ಕೊಮ್ಮೆ ಕಿಟಕಿ ಒರೆಸುತ್ತಿದ್ದೆ. ಇಲ್ಲಿ ಚಿತ್ತವಾಡ್ಗಿ ಬಡಾವಣೆಯ ಬಾಡಿಗೆ ಮನೆಯಲ್ಲಿ ದಿನಕ್ಕೆರಡು ಸಲ ಒರೆಸಿದರೂ ಅದಿರಿನ ಧೂಳಿಗೆ ಬಟ್ಟೆ ಕೆಂಪಾಗುತ್ತಿತ್ತು. ಪಕ್ಕದ ಮನೆಯವರು ‘ಕುಂದ್ರಿ’ ಎಂದರೆ ಗದರಿಸಿದಂತೆ ಕೇಳುತ್ತಿತ್ತು. ‘ಕೂತ್ಕೊಳ್ಳಿ’ ಎನ್ನುವಷ್ಟೇ ಅಕ್ಕರೆಯ ಮಾತದು ಎಂದು ತಿಳಿಯಲು ದಿನಗಳೇ ಹಿಡಿದವು. ಬೇಸರ ಕಳೆಯಲು ಸುಮ್ಮನೆ ನಡೆಯುತ್ತಿದ್ದಾಗ ಮುಚ್ಚಿದ ಅಕ್ಕಿ ಗಿರಣಿಯ ಕಮಾನು ಕಂಡಿತು. ಕಬ್ಬಿಣದ ಪಟ್ಟಿ ಬಗ್ಗಿಸಿ ಮಾಡಿದ ‘ಗಿರಣಿ’ ಎಂಬ ಮೂರಕ್ಷರ. ಅಂಥ ಗಟ್ಟಿ ಅಕ್ಷರ ನಮ್ಮೂರಲ್ಲಿ ನೋಡಿರಲಿಲ್ಲ. ಅದನ್ನೇ ಹಿಡಿದು ಹೊಸ ಫಾಂಟ್ ಶುರು ಮಾಡಿದ್ದೆ.

ಕಿರುಚಿದ್ದು ಕೇಳಿ ಏಣಿಯ ಮೇಲಿದ್ದ ಹಿರಿಯರು ಕಟರ್ ಆರಿಸಿ ಇಳಿದರು. ಹೆಸರು ವಿರೂಪಾಕ್ಷಪ್ಪ.

“ಯಾಕವ್ವಾ, ಏನಾತು?”

“ಎಷ್ಟು ಚೆನ್ನಾಗಿರೋ ಅಕ್ಷರ! ನಿಮಗೆ ಮನಸ್ಸಾದರೂ ಹೇಗೆ ಬಂತು?”

ಅವರು ಕನ್ನಡಕ ತೆಗೆದು ಬೆವರು ಒರೆಸಿಕೊಂಡರು. “ಇವು ನಮ್ಮಪ್ಪ ಬಗ್ಗಿಸಿದ್ವು. ಗಿರಣಿ ಕೆಡವೋದು ನಿಲ್ಲಂಗಿಲ್ಲ. ಬ್ಯಾರೆಯವ್ರು ಕೊಯ್ದ್ರ ಹೊಟ್ಟಿ ಉರೀತೈತಿ. ಅದಕ್ಕ ನಾನೇ ಕೇಳ್ಕೊಂಡು ಬಂದೆ.”



ನಾನು ಬರೆದ ಹಾಳೆ ತೋರಿಸಿದೆ. ನೋಡಿ ತಲೆಯಾಡಿಸಿದರು. “ಹಿಂಗಲ್ರಿ. ‘ಣ’ ಒಂದ ಪಟ್ಟಿ ಅಲ್ಲ, ಎರಡು. ಅಷ್ಟು ಬಗ್ಗಿಸಿದ್ರ ಮುರೀತೈತಿ. ನಮ್ಮಪ್ಪಗ ಓದಾಕ ಬರ್ತಿದ್ದಿಲ್ಲ, ಕಬ್ಬಿಣ ಹೇಳಿದಂಗ ಮಾಡಿದ.”

ನೆಲಕ್ಕೆ ಬಿದ್ದ ಅಕ್ಷರ ಸರಿಯಾಗಿ ಬೆಸುಗೆಯ ಜಾಗದಲ್ಲೇ ಬಾಯಿಬಿಟ್ಟಿತ್ತು. ಬಣ್ಣದಡಿ ಮುಚ್ಚಿದ್ದ ಆ ಜೋಡಣೆ ಮುರಿಯದೆ ಹೋಗಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ಅವರು ಸೀಮೆಸುಣ್ಣದಿಂದ ಒಂದೊಂದೇ ಮಡಿಕೆ ಬರೆದು ತೋರಿಸಿದರು. ಆಮೇಲೆ ಏಣಿ ಹತ್ತಿ ಉಳಿದೆರಡನ್ನೂ ಕೊಯ್ದರು. ಮಧ್ಯಾಹ್ನದ ಹೊತ್ತಿಗೆ ಅವನ್ನು ಹೇರಿಕೊಂಡು ಗುಜರಿ ಟ್ರಾಕ್ಟರ್ ಹೋಯಿತು.

ಫಾಂಟ್ ಮುಗಿದ ಮೇಲೆ ಅಕ್ಷರಗಳನ್ನು ಮುದ್ರಿಸಿದ ಮೊದಲ ಹಾಳೆಯನ್ನು ವಿರೂಪಾಕ್ಷಪ್ಪನವರಿಗೆ ಕೊಟ್ಟೆ. ಬಹಳ ಹೊತ್ತು ಬೆರಳಾಡಿಸಿ ನೋಡಿದರು. “ಛಲೋ ಐತವ್ವಾ. ಆದ್ರ ಭಾಳ ಮೆತ್ತಗ. ಮೈಸೂರಿನ ಕೈ ಇದು.”

ಮೈಸೂರಿನಲ್ಲಿ ಮುದ್ರಣಾಲಯ ನಡೆಸುವ ಸೋದರಮಾವ ಅದೇ ಹಾಳೆಯ ಇನ್ನೊಂದು ಪ್ರತಿ ನೋಡಿ ಹುಬ್ಬೇರಿಸಿದರು. “ಏನೇ ಇದು, ಇಷ್ಟು ಒರಟು? ನಮ್ಮ ಕಡೆ ಅಕ್ಷರವೇ ಅಲ್ಲ.”

ತಿದ್ದೋಣವೆಂದು ಮತ್ತೆ ಕಂಪ್ಯೂಟರಿನ ಮುಂದೆ ಕುಳಿತೆ. ಯಾವ ಕಡೆಗೆ ತಿದ್ದುವುದೆಂದು ತೋಚಲಿಲ್ಲ. ಹಾಗೆಯೇ ಬಿಟ್ಟೆ.