ಬುರಿರಾಮ್‌ಗೆ ಹೊರಟ ಅಪೊಲೋನಿಯಾ

ದೋಹಾದ ಬಿನ್ ಮಹಮೂದ್‌ನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಕಿನ್ನಿಗೋಳಿಯ ಅಪೊಲೋನಿಯಾ ಟಿಕೆಟ್ ಬರೆಯುತ್ತಿದ್ದಳು. ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ಆಗಲಿಲ್ಲವೆಂಬ ಕೊರಗೂ ಇರಲಿಲ್ಲ. ಲೋಕವನ್ನೆಲ್ಲ ಲಂಡನ್, ಸಿಂಗಾಪುರಗಳಿಗೆ ಕಳಿಸುತ್ತಿದ್ದವಳು ತಾನು ಕಂಡದ್ದು ದೋಹಾ, ಊರು, ನಡುವೆ ಮುಂಬಯಿ ವಿಮಾನ ನಿಲ್ದಾಣದ ಬೆಂಚು, ಅಷ್ಟೇ.

ಆಫೀಸಿನ ಕೆಳಗಿದ್ದ ಹೆಂಗಸರ ಸಲೂನಿನಲ್ಲಿ ಸುನೀ ಎಂಬ ಥಾಯ್ ಹೆಂಗಸು ಕೆಲಸಕ್ಕಿದ್ದಳು. ಶುಕ್ರವಾರ ಇಬ್ಬರೂ ಸೇರಿ ಮೀನು ಬೇಯಿಸುತ್ತಿದ್ದರು. ಮುರುಕು ಅರಬಿ, ಮುರುಕು ಇಂಗ್ಲಿಷ್‌ನಲ್ಲೇ ಮಾತು. ಸುನೀಗೆ ಒಂದೇ ಕತೆ: ಬುರಿರಾಮ್ ಪ್ರಾಂತ್ಯದ ತನ್ನ ಹಳ್ಳಿ, ಅದರ ಮೇಲಿನ ಬೆಟ್ಟ, ಬೆಟ್ಟದ ತಲೆಯ ಮೇಲೆ ಫನೋಮ್ ರುಂಗ್ ಎಂಬ ಸಾವಿರ ವರ್ಷದ ಶಿವಾಲಯ. ಅದರ ಬಾಗಿಲ ಮೇಲಿದ್ದ ವಿಷ್ಣುವಿನ ಕಲ್ಲು ಕಳವಾಗಿ ಅಮೆರಿಕ ಸೇರಿತ್ತು. ಅದು ಮರಳಿ ಬಂದಾಗ ಸುನೀ ಇನ್ನೂ ಊರಿನಲ್ಲೇ ಇದ್ದಳು. ಜನ ರಸ್ತೆಯಲ್ಲೇ ಕುಣಿದದ್ದನ್ನು ಎದ್ದು ನಿಂತು, ತಾನೂ ಕುಣಿದು ತೋರಿಸುತ್ತಿದ್ದಳು.

ತೊಂಬತ್ತಾರರ ಚಳಿಗಾಲದಲ್ಲಿ ಸುನೀಯ ಕತ್ತರಿ ಗುರಿ ತಪ್ಪತೊಡಗಿತು. ಕಣ್ಣಿನ ನರ ಸಾಯುತ್ತಿದೆ, ಹೋದದ್ದು ಮರಳುವುದಿಲ್ಲ ಎಂದರು ಡಾಕ್ಟರು. ಸಲೂನಿನವರು ವೀಸಾ ರದ್ದು ಮಾಡಿದರು. ಬ್ಯಾಂಕಾಕ್‌ನಲ್ಲಿ ಇಳಿದು ಬಸ್ಸು ಹಿಡಿದು ಒಬ್ಬಳೇ ಊರು ಸೇರುವುದು ಹೇಗೆಂದು ಸುನೀ ಅತ್ತಳು.

ಅಪೊಲೋನಿಯಾ ಮ್ಯಾನೇಜರ್ ಶಾಹುಲ್ ಹಮೀದರ ಮುಂದೆ ನಿಂತಳು. ಅವರು ಉಪ್ಪಿನಂಗಡಿಯವರು.

"ನನಗೆ ರಜೆ ಬೇಕು ಸಾಯ್ಬ್ರೇ. ಅವಳನ್ನು ಮನೆ ಮುಟ್ಟಿಸಿ ಬರ್ತೇನೆ."

"ಈ ಸೀಸನ್‌ನಲ್ಲಾ? ನಿಮಗೆ ಅವಳು ಎಂತ ಆಗ್ಬೇಕು ಬಾಯಿ?"

"ಎಂತದೂ ಆಗ್ಬೇಕಂತ ಇಲ್ಲ."

ಹಮೀದರು ಕನ್ನಡಕ ತೆಗೆದು ಒರೆಸಿದರು. "ಖಲಾಸ್. ಹೋಗಿ ಬನ್ನಿ. ಆದ್ರೆ ಅಲ್ಲೇ ಕೂತುಬಿಡ್ಬೇಡಿ ಮಾರಾಯ್ರೆ."

ಊರು ತಲುಪಿದ ಮರುದಿನವೇ ಸುನೀ ಬೆಟ್ಟಕ್ಕೆ ಹಟ ಹಿಡಿದಳು. ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಅವಳಿಗೆ ಕಾಣುತ್ತಿತ್ತು. ಕೆಂಪು ಕಲ್ಲಿನ ಹಾದಿಯಲ್ಲಿ ಅಪೊಲೋನಿಯಾಳ ತೋಳು ಹಿಡಿದು ನಡೆದಳು. ಮೆಟ್ಟಿಲಿನ ಬದಿಯ ನಾಗನ ಹೆಡೆಗಳನ್ನು ಒಂದೊಂದಾಗಿ ಸವರಿದಳು. ಗುಡಿಯ ಬಾಗಿಲಿಗೆ ಬಂದಾಗ ಕೇಳಿದಳು: "ಇದ್ದಾನಾ?"

ಅಪೊಲೋನಿಯಾ ತಲೆಯೆತ್ತಿದಳು. ಮೇಲೆ ಕುಣಿಯುವ ಶಿವ, ಅವನ ಕೆಳಗೆ ಮಲಗಿದ ವಿಷ್ಣು. ಕಿನ್ನಿಗೋಳಿಯ ಅಕ್ಕಿ ಅಂಗಡಿಯ ಕ್ಯಾಲೆಂಡರಿನಲ್ಲಿ ದಿನವೂ ಕಂಡವನೇ! ಕಣ್ಣು ತುಂಬಿ ಬಂತು.

"ಇದ್ದಾನೆ. ಆರಾಮಾಗಿ ಮಲಗಿದ್ದಾನೆ."

ಅವಳು ಸುನೀಯ ಗಲ್ಲ ಹಿಡಿದು ಮುಖವನ್ನು ಮೆಲ್ಲನೆ ಅತ್ತಿತ್ತ ತಿರುಗಿಸಿದಳು. ಒಂದು ಕಡೆ ಸುನೀ ತಟ್ಟನೆ "ಸಿಕ್ಕಿದ!" ಎಂದು ಕೂಗಿ ನಿಂತುಬಿಟ್ಟಳು. ಪ್ರವಾಸಿಗರು ಇಬ್ಬರ ಬದಿಯಿಂದ ದಾಟಿ ಹೋದರು.

ದೋಹಾಕ್ಕೆ ಮರಳಿದ ಮೇಲೆ ಥಾಯ್ಲೆಂಡ್ ಟಿಕೆಟ್ ಕೇಳಿದವರಿಗೆಲ್ಲ ಅಪೊಲೋನಿಯಾ ಬುರಿರಾಮ್‌ಗೆ ಹೋಗಿ ಎಂದು ಹೇಳತೊಡಗಿದಳು. ಹೆಚ್ಚಿನವರು ನಕ್ಕು ಪಟ್ಟಾಯಕ್ಕೇ ಹೋದರು. ಮೈಸೂರಿನ ಲಕ್ಷ್ಮೀಪತಿ, ಇಂದಿರಮ್ಮ ದಂಪತಿ ಮಾತ್ರ ಸುನೀಯ ವಿಳಾಸ ಬರೆಸಿಕೊಂಡು ಹೋಗಿ ಬಂದರು.

"ನಿಮ್ಮ ಸ್ನೇಹಿತೆ ಸಿಕ್ಕಿದ್ರು ಕಣ್ರೀ," ಎಂದರು ಇಂದಿರಮ್ಮ. "ಈಗ ಪೂರ್ತಿ ಕಾಣಲ್ವಂತೆ. ಮಸಾಜ್ ಮಾಡೋದು ಕಲಿತು ಊರಲ್ಲೇ ಒಂದು ರೂಮು ಮಾಡ್ಕೊಂಡಿದಾರೆ. ನನ್ನ ಮಂಡಿ ನೋವು ಎಷ್ಟೋ ಕಮ್ಮಿ ಆಯ್ತು. ನಿಮ್ಮ ಹೆಸರು ಹೇಳಿದ್ದೇ ತಡ, ದುಡ್ಡೇ ಮುಟ್ಟಲಿಲ್ಲ!"

ಅಪೊಲೋನಿಯಾ ಒಳಗೆ ಹೋಗಿ ಮುಖ ತೊಳೆದು ಬಂದಳು. ಆ ವರ್ಷದಿಂದ ಅವಳ ರಜೆಯಲ್ಲಿ ಅರ್ಧ ಕಿನ್ನಿಗೋಳಿಗೆ, ಅರ್ಧ ಬುರಿರಾಮ್‌ಗೆ. ದೋಹಾ ಬಿಡುವವರೆಗೂ ಹಾಗೆಯೇ ನಡೆಯಿತು.